ಅಗ್ಗದ ಬಾಡಿನ ಲೆಕ್ಕ

1

ದಲಿತ ವಿಮರ್ಶೆ ಎಂದ ಕೂಡಲೇ ನಾವು ಪಠ್ಯ, ಸಂವೇದನೆ, ಅಸ್ಮಿತೆ ಎಂಬ ಪದಗಳ ಸುತ್ತ ಓಡಾಡತೊಡಗುತ್ತೇವೆ. ಒಲೆಯ ಹತ್ತಿರ ಹೋಗಿ ಕೂರುವುದು ಕಡಿಮೆ. ಆದರೆ ಕರ್ನಾಟಕದಲ್ಲಿ ಈ ವಿಮರ್ಶೆಗೆ ಕಿಡಿ ಹತ್ತಿದ್ದೇ ಒಂದು ಮೇವಿನ ಹೆಸರಿನಿಂದ ಎಂಬುದನ್ನು ಮರೆಯುವಂತಿಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ಗಲಾಟೆಯಾಯಿತು, ದಲಿತ ಹುಡುಗರಿಗೆ ಏಟು ಬಿತ್ತು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಬೂಸಾ ಎಂದರೆ ಕಾಳಿನ ತಿರುಳನ್ನು ಮನುಷ್ಯರು ತೆಗೆದುಕೊಂಡಮೇಲೆ ದನಕ್ಕೆ ಹಾಕುವ ಹೊಟ್ಟು. ಯಾವುದು ತಿರುಳು, ಯಾವುದು ಹೊಟ್ಟು ಎಂದು ತೀರ್ಮಾನ ಹೇಳುವ ಹಕ್ಕು ಯಾರದು ಎಂಬುದು ಆ ಮಾತಿನ ಒಳಗಿದ್ದ ಪ್ರಶ್ನೆ. ಸಾಹಿತ್ಯದಲ್ಲಿ ಆ ಪ್ರಶ್ನೆ ಕೇಳಿ ಐವತ್ತು ವರ್ಷ ದಾಟಿತು. ಬಾಡಿನಂಗಡಿಯಲ್ಲಿ ಅದನ್ನು ನಾವಿನ್ನೂ ಸರಿಯಾಗಿ ಕೇಳಿಲ್ಲ.

ಅಂಗಡಿಯಲ್ಲಿ ತೊಡೆಗೆ ಒಂದು ಬೆಲೆ, ಬೋಟಿಗೆ ಒಂದು ಬೆಲೆ, ತಲೆಕಾಲಿಗೆ ಇನ್ನೊಂದು. ತೊಡೆ ದುಬಾರಿ, ಕರುಳು ಅಗ್ಗ. ಇದು ಬಾಡಿನ ಸಹಜ ಗುಣ ಎಂದೇ ಎಲ್ಲರೂ ನಂಬಿದ್ದಾರೆ. ದುಡ್ಡು ಉಳಿಸಬೇಕಾದವರು ಅಗ್ಗದ ತುಂಡನ್ನು ತಂದು ಬೇಯಿಸಿಕೊಳ್ಳಿ ಎಂದು ಈಗ ಪೇಟೆಯ ಅಡುಗೆ ಪುಸ್ತಕಗಳೂ ಬುದ್ಧಿ ಹೇಳುತ್ತಿವೆ. ಹೇಳಲಿ, ತಪ್ಪಿಲ್ಲ. ಆದರೆ ಆ ತುಂಡನ್ನು ಬೇಯಿಸುವ ಬಗೆಯನ್ನು ಕಂಡುಕೊಂಡವರು ಯಾರು? ಆ ಬಗೆಗೆ ಆಗುವ ಖರ್ಚು ಎಷ್ಟು? ಅದನ್ನು ಕೊಟ್ಟವರು ಯಾರು? ಈ ಮೂರು ಪ್ರಶ್ನೆಗಳನ್ನು ಹಿಡಿದು ಈ ಲೇಖನ ಬರೆಯುತ್ತಿದ್ದೇನೆ. ನಾನು ಹೇಳುವುದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ ಕಡೆಯ ಒಲೆಗಳ ಮಾತು. ಹಳೇ ಮೈಸೂರಿನ ಯಾವ ಕೇರಿಗೆ ಹೋದರೂ ಇದೇ ಮಾತು ಸ್ವಲ್ಪ ಹೆಚ್ಚುಕಡಿಮೆಯಾಗಿ ಸಿಕ್ಕುತ್ತದೆ.

2

ಸೀಮೆಯ ಪರಿಚಯ ಮೊದಲು ಆಗಬೇಕು. ವೀರನಹೊಸಹಳ್ಳಿ ನಾಗರಹೊಳೆ ಕಾಡಿನ ಬಾಗಿಲಲ್ಲಿದೆ. ಪಟ್ಟಣದವರಿಗೆ ಅದು ಸಫಾರಿಯ ಗೇಟು. ಕಾಡು 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಒಳಗಿನ ಹಾಡಿಗಳಿಂದ ಬಂದ ಜೇನುಕುರುಬರು ಹತ್ತಿರದ ನಾಗಾಪುರದ ಪುನರ್ವಸತಿಯಲ್ಲಿ ಇದ್ದಾರೆ. ಕಾಡಿನಿಂದ ಈಚೆಗೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಎಲ್ಲ ಕಡೆ ಹೊಗೆಸೊಪ್ಪಿನ ಹೊಲ, ಸೊಪ್ಪು ಹದಮಾಡುವ ಬ್ಯಾರನ್ನು. ರಾಗಿ, ಹುರುಳಿ, ಅವರೆ ಈ ನೆಲದ ಹಳೆಯ ಬೆಳೆಗಳು.

ಹುಣಸೂರಿಗೆ ಇನ್ನೊಂದು ಚರಿತ್ರೆಯೂ ಇದೆ. 19ನೇ ಶತಮಾನದಲ್ಲಿ ಅದು ಅಮೃತಮಹಲ್ ದನಗಳ ಇಲಾಖೆಯ ಊರು. ಬ್ರಿಟಿಷರ ಸೈನ್ಯಕ್ಕೆ ಚರ್ಮದ ಸಾಮಾನು ಒದಗಿಸುವ, ತೊಗಲು ಹದಮಾಡುವ ಕಾರ್ಖಾನೆ ಅಲ್ಲಿತ್ತು. ಅದು ಮುಚ್ಚಿದ ಮೇಲೂ ಒಳ್ಳೆಯ ಬೂಟು, ಚೀಲ, ಜೀನು ಹೊಲಿಯುವ ಕಸುಬುದಾರರು ಆ ಊರಿನಲ್ಲಿ ಉಳಿದರು. ತೊಗಲಿಗೆ ದೊರೆಯಿತ್ತು, ಬೆಲೆಯಿತ್ತು, ಸರ್ಕಾರಿ ಲೆಕ್ಕಪುಸ್ತಕವಿತ್ತು. ತೊಗಲು ಸುಲಿದಮೇಲೆ ಉಳಿದದ್ದಕ್ಕೆ ಲೆಕ್ಕಪುಸ್ತಕವಿರಲಿಲ್ಲ. ಅದು ಕೇರಿಗೆ ಬಂತು.

ಇದೇ ಸೀಮೆಯಲ್ಲಿ ಕಲ್ಲಹಳ್ಳಿಯೂ ಇದೆ. ಕಲ್ಲಹಳ್ಳಿಯ ಮೂರನೆಯ ಮಂಗರಸ 16ನೇ ಶತಮಾನದ ಆರಂಭದಲ್ಲಿ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ. ಅಡುಗೆಯನ್ನೇ ವಸ್ತುವಾಗಿಟ್ಟುಕೊಂಡ ಪದ್ಯಗ್ರಂಥ. ಅವನು ಜೈನ, ಆದ್ದರಿಂದ ಅದು ಪೂರ್ತಿ ಶಾಕಾಹಾರದ ಪುಸ್ತಕ. ಅದಕ್ಕಾಗಿ ಅವನನ್ನು ದೂರುವುದು ಸರಿಯಲ್ಲ, ಅವನ ಒಲೆಯ ಮಾತನ್ನು ಅವನು ಬರೆದ. ನಾನು ಹೇಳುವುದು ಇಷ್ಟೇ: ಅಡುಗೆಯೂ ಒಂದು ಶಾಸ್ತ್ರ ಎಂದು ಕನ್ನಡ ಐದು ನೂರು ವರ್ಷಗಳ ಹಿಂದೆಯೇ ಒಪ್ಪಿದ್ದು ಇದೇ ಹುಣಸೂರು ಸೀಮೆಯಲ್ಲಿ. ಅದೇ ಸೀಮೆಯ ಕೇರಿಯ ಒಲೆಗಳ ಮೇಲೆ ನಡೆದದ್ದು ಮಾತ್ರ ಶಾಸ್ತ್ರ ಎನಿಸಿಕೊಳ್ಳಲಿಲ್ಲ, ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ನಡೆದುಬಂತು.

ಕರುಳು, ರಕ್ತ ಇವು ಹುಟ್ಟಿನಿಂದಲೇ ಕೀಳು ಎನ್ನುವವರು ಇನ್ನೊಂದು ಗ್ರಂಥವನ್ನೂ ನೋಡಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 'ಮಾನಸೋಲ್ಲಾಸ' 12ನೇ ಶತಮಾನದ ಸಂಸ್ಕೃತ ಗ್ರಂಥ. ಅದರ ಅನ್ನಭೋಗದ ಭಾಗದಲ್ಲಿ ಕರುಳಿಗೆ ಮಸಾಲೆ ತುಂಬಿ ಕೆಂಡದಲ್ಲಿ ಸುಡುವ ಬಗೆ ಇದೆ, ರಕ್ತದ ಅಡುಗೆಯೂ ಇದೆ. ಅಲ್ಲಿ ಅದು ರಾಜಭೋಗ. ಅದೇ ಕರುಳು ಕೇರಿಯ ಗಡಿಗೆಯಲ್ಲಿ ಬೆಂದರೆ ಹೀನ. ತುಂಡು ಒಂದೇ, ತಟ್ಟೆ ಬೇರೆ. ಕೀಳುತನ ಬಾಡಿನಲ್ಲಿ ಇರಲಿಲ್ಲ, ಉಣ್ಣುವವರ ಜಾತಿಯಿಂದ ಬಾಡಿಗೆ ಅಂಟಿತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

3

ಬಾಡನ್ನು ಎರಡು ರೀತಿಯಲ್ಲಿ ಪಾಲು ಮಾಡಬಹುದು. ಒಂದು ಅಂಗಡಿಯ ರೀತಿ, ಬೆಲೆಗೆ ತಕ್ಕಂತೆ ಪ್ರಾಣಿಯನ್ನು ಕತ್ತರಿಸುವುದು. ಮೆತ್ತಗಿನ ತುಂಡು ಒಂದು ಕಡೆ, ನಾರಿನದು ಒಂದು ಕಡೆ, ಒಳಗಿನದೆಲ್ಲ ಬುಟ್ಟಿಗೆ. ದುಡ್ಡಿದ್ದವರು ಮೊದಲನೆಯದನ್ನು ಒಯ್ಯುತ್ತಾರೆ, ಇಲ್ಲದವರು ಬುಟ್ಟಿಯ ಮುಂದೆ ನಿಲ್ಲುತ್ತಾರೆ.

ಇನ್ನೊಂದು ಗುಡ್ಡೆಯ ರೀತಿ. ಯುಗಾದಿಯ ಮಾರನೆ ದಿನ ವರ್ಷತೊಡಕಿಗೆ ಹಳೇ ಮೈಸೂರಿನ ಹಳ್ಳಿಗಳಲ್ಲಿ ಗುಡ್ಡೆ ಬಾಡು ಹಾಕುವುದು ಎಲ್ಲರಿಗೂ ಗೊತ್ತು. ಹತ್ತಿಪ್ಪತ್ತು ಮನೆಯವರು ದುಡ್ಡು ಕೂಡಿಸುತ್ತಾರೆ. ಕೆಲವು ಕಡೆ ವರ್ಷವೆಲ್ಲ ಚೀಟಿ ಕಟ್ಟಿರುತ್ತಾರೆ. ಕುರಿಯನ್ನೋ ಮೇಕೆಯನ್ನೋ ತಂದು ಕೊಯ್ದು, ನೆಲದ ಮೇಲೆ ಎಲೆ ಹಾಸಿ, ಎಷ್ಟು ಪಾಲುದಾರರೋ ಅಷ್ಟು ಗುಡ್ಡೆ ಮಾಡುತ್ತಾರೆ. ಇಲ್ಲಿರುವ ನ್ಯಾಯವನ್ನು ಗಮನಿಸಬೇಕು. ಪ್ರತಿ ಗುಡ್ಡೆಗೂ ತೊಡೆಯ ತುಂಡು ಬೀಳಬೇಕು, ಪಕ್ಕೆಲುಬು ಬೀಳಬೇಕು, ಈಲಿ ಒಂದು ಚೂರು, ಬೋಟಿ ಒಂದು ಹಿಡಿ, ಕೊಬ್ಬು ಒಂದಿಷ್ಟು. ತೂಕಕ್ಕಿಂತ ಕಣ್ಣಳತೆಯೇ ಮುಖ್ಯ. 'ಆ ಗುಡ್ಡೇಲಿ ಈಲಿ ಕಮ್ಮಿ ಆಯ್ತು ಕಣ್ಲಾ, ಒಂದ್ ಚೂರ್ ಹಾಕು' ಎಂದು ಸುತ್ತ ನಿಂತವರು ಕೂಗುತ್ತಲೇ ಇರುತ್ತಾರೆ. ಕೊನೆಗೆ ಯಾರ ಗುಡ್ಡೆ ಯಾವುದೆಂದು ಚೀಟಿ ಎತ್ತುವುದೋ, ಮಗುವಿನ ಕೈಲಿ ಕಡ್ಡಿ ಇಡಿಸುವುದೋ ಮಾಡುತ್ತಾರೆ. ಗುಡ್ಡೆ ಮಾಡಿದವನಿಗೂ ತನ್ನದು ಯಾವುದೆಂದು ಮೊದಲೇ ಗೊತ್ತಿರುವುದಿಲ್ಲ. ಆದ್ದರಿಂದ ಅವನು ಎಲ್ಲ ಗುಡ್ಡೆಯನ್ನೂ ಸಮವಾಗಿ ಮಾಡಲೇಬೇಕು.

ಗುಡ್ಡೆಯಲ್ಲಿ ಅಗ್ಗದ ತುಂಡು ಎಂಬುದೇ ಇಲ್ಲ. ಒಂದು ಪ್ರಾಣಿ, ಇಷ್ಟು ಜನ, ಅಷ್ಟೇ. ಅಗ್ಗ ಎಂಬ ಮಾತು ಹುಟ್ಟುವುದು ಗುಡ್ಡೆ ಮುರಿದು ಅಂಗಡಿಯ ತಕ್ಕಡಿ ಬಂದಾಗ.

ಹಾಗೆಂದು ಗುಡ್ಡೆಯನ್ನು ಹಾಡಿ ಹೊಗಳಿ ಸುಮ್ಮನಾಗಲು ಬರುವುದಿಲ್ಲ. ಊರಿನ ಗುಡ್ಡೆ ಬೇರೆ, ಕೇರಿಯ ಗುಡ್ಡೆ ಬೇರೆ. ಊರವರ ಗುಡ್ಡೆಯ ಸಾಲಿನಲ್ಲಿ ಕೇರಿಯವರ ಎಲೆಗೆ ಜಾಗವಿರಲಿಲ್ಲ. ಮಾರಿಹಬ್ಬದಲ್ಲಿ ಬಿದ್ದ ಪ್ರಾಣಿಯಲ್ಲಿ ಯಾರಿಗೆ ಯಾವ ಭಾಗ ಎಂಬುದನ್ನು ಜಾತಿಯೇ ಬರೆದಿಟ್ಟಿತ್ತು. ಸಮಪಾಲಿನ ನ್ಯಾಯ ಗೊತ್ತಿದ್ದ ಊರು ಅದನ್ನು ಕೇರಿಯ ಗಡಿಯವರೆಗೆ ಮಾತ್ರ ನಡೆಸಿತು. ನಾವು ಎತ್ತಿಕೊಳ್ಳಬೇಕಾದದ್ದು ಗುಡ್ಡೆಯ ನ್ಯಾಯವನ್ನು. ಅದಕ್ಕೆ ಹಾಕಿದ್ದ ಬೇಲಿಯನ್ನೂ ಅದರ ಜೊತೆಗೇ ಹೇಳಬೇಕು.

4

ಇನ್ನು ಅಡುಗೆಯ ಮಾತು. ಪ್ರಾಣಿಯ ದೇಹದಲ್ಲಿ ಹೆಚ್ಚು ದುಡಿಯುವ ಭಾಗ ಗಟ್ಟಿ: ಕಾಲು, ಕತ್ತು, ಕೆನ್ನೆ, ಬಾಲ. ಕಡಿಮೆ ದುಡಿಯುವ ಭಾಗ ಮೆತ್ತಗೆ. ದುಡಿಯುವ ಭಾಗಕ್ಕೆ ಬೆಲೆ ಕಡಿಮೆ, ಸುಮ್ಮನಿರುವ ಭಾಗಕ್ಕೆ ಬೆಲೆ ಹೆಚ್ಚು ಎಂಬುದನ್ನು ಓದುಗರೇ ಬೇಕಾದಂತೆ ಅರ್ಥಮಾಡಿಕೊಳ್ಳಲಿ. ವಿಜ್ಞಾನದ ಮಾತು ಹೀಗಿದೆ: ದುಡಿಯುವ ಸ್ನಾಯುವಿನಲ್ಲಿ ಕೊಲಾಜನ್ ಎಂಬ ನಾರು ಹೆಚ್ಚು. ಅದನ್ನು ಬಿರುಸಾದ ಬೆಂಕಿಯಲ್ಲಿ ಹುರಿದರೆ ಚಕ್ಕಳವಾಗುತ್ತದೆ. ನೀರಿನಲ್ಲಿ ಇಟ್ಟು, ಕುದಿಯಲೋ ಬೇಡವೋ ಎನ್ನುವ ಹದದಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಅದೇ ನಾರು ಕರಗಿ ಜಿಲೆಟಿನ್ ಆಗುತ್ತದೆ. ಎಸರಿಗೆ ಬರುವ ಅಂಟು, ಮಾರನೆ ದಿನ ಗಡಿಗೆಯಲ್ಲಿ ಹೆಪ್ಪುಗಟ್ಟುವ ಗುಣ ಅದರದ್ದು. ತೊಡೆಯ ಮೆತ್ತನೆ ತುಂಡಿನಲ್ಲಿ ಈ ರುಚಿ ಹುಡುಕಿದರೂ ಸಿಕ್ಕುವುದಿಲ್ಲ. ಹೀಗಾಗಿ ಅಗ್ಗದ ತುಂಡಿಗೆ ಬೇಕಾದದ್ದು ಸಣ್ಣ ಉರಿ ಮತ್ತು ಹೊತ್ತು. 'ಉರಿ ಹೆಚ್ಚ್ ಮಾಡ್ಬ್ಯಾಡ, ಅದ್ರ ಪಾಡಿಗದು ಬೇಯ್ಲಿ' ಎಂದು ಅವ್ವ ಹೇಳುತ್ತಿದ್ದುದು ಇದನ್ನೇ.

ತಲೆಕಾಲು. ಮೊದಲು ಉರಿಯಲ್ಲಿ ಸುಡಬೇಕು. ಕೂದಲು ಸುಟ್ಟಮೇಲೆ ಕುಡುಗೋಲಿನ ಬೆನ್ನಿನಿಂದ ಹೆರೆದು, ಕಾದಿರುವಾಗಲೇ ಗೊರಸನ್ನು ಬಡಿದು ಕೀಳಬೇಕು. ಆರಿದರೆ ಬರುವುದಿಲ್ಲ. ಅರಿಸಿನ ಉಜ್ಜಿ ಎರಡು ಮೂರು ನೀರಿನಲ್ಲಿ ತೊಳೆದು ಕಡಿಯಬೇಕು. ಮಿದುಳನ್ನು ಬೇರೆ ತೆಗೆದಿಡುತ್ತಾರೆ, ಅದು ಹತ್ತೇ ನಿಮಿಷದ ಅಡುಗೆ. ಉಳಿದದ್ದನ್ನು ಶುಂಠಿ, ಬೆಳ್ಳುಳ್ಳಿ, ಮೆಣಸು, ಕೊತ್ತಂಬರಿ ಬೀಜದ ಜೊತೆ ರಾತ್ರಿ ಒಲೆಗಿಟ್ಟು ಕೆಂಡ ಮುಚ್ಚಿದರೆ ಬೆಳಿಗ್ಗೆಗೆ ಹದ. ಕುಕ್ಕರಿನಲ್ಲಾದರೆ ಮುಕ್ಕಾಲು ಗಂಟೆ ಸಾಕು. ಒಳಗಿನ ಒತ್ತಡದಿಂದ ಶಾಖ 120 ಡಿಗ್ರಿಯ ಹತ್ತಿರಕ್ಕೆ ಏರಿ ನಾರು ಬೇಗ ಕರಗುತ್ತದೆ. ರುಚಿ ಅದೇ ಇರುತ್ತದೋ ಇಲ್ಲವೋ ಎಂಬ ಜಗಳ ನಮ್ಮ ಮನೆಯಲ್ಲಿ ತೀರಿಲ್ಲ.

ಬೋಟಿ. ಕೇರಿಯ ತಿಳಿವಳಿಕೆ ಎಷ್ಟು ಸೂಕ್ಷ್ಮವಾದದ್ದು ಎಂದು ಕೇಳುವವರಿಗೆ ಬೋಟಿ ತೊಳೆಯುವುದನ್ನು ತೋರಿಸಬೇಕು. ಕರುಳನ್ನು ಕಡ್ಡಿಯ ಮೇಲೆ ಏರಿಸಿ ಒಳಮೈ ಹೊರಗಾಗುವಂತೆ ತಿರುವಬೇಕು, ಹರಿಯುವ ನೀರಿನಲ್ಲಿ ತೊಳೆಯಬೇಕು. ಹೊಟ್ಟೆಯ ಚೀಲಕ್ಕೆ ಒಳಗೆ ಕಪ್ಪು ಪೊರೆ ಇರುತ್ತದೆ. ಸ್ವಲ್ಪ ಸುಣ್ಣ ಹಚ್ಚಿ ಬಿಸಿನೀರಿನಲ್ಲಿ ಅದ್ದಿ ತೆಗೆದು ಹೆರೆದರೆ ಪೊರೆ ಬಿಡುತ್ತದೆ. ಇಲ್ಲಿ ನೀರಿನ ಹದವೇ ಎಲ್ಲ. ತಣ್ಣಗಿದ್ದರೆ ಪೊರೆ ಬಿಡುವುದಿಲ್ಲ. ಕುದಿಯುವ ನೀರಾದರೆ ಪೊರೆ ಬೆಂದು ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. 'ನೀರು ಮಳ್ಳುದ್ರೆ ಕೆಟ್ಟೋಯ್ತು ಕಣ್ಮಗಾ, ಕೈ ಸುಡ್ಬೇಕು ಅಷ್ಟೆ' ಎಂಬುದೇ ನಮ್ಮಜ್ಜಿಯ ಥರ್ಮಾಮೀಟರು. ಆಮೇಲೆ ಸುಣ್ಣದ ಅಂಶ ಹೋಗುವ ತನಕ ತೊಳೆದು, ಉಪ್ಪು ಅರಿಸಿನ ಹಾಕಿ ಒಂದು ಕುದಿ ಕುದಿಸಿ ಆ ನೀರು ಚೆಲ್ಲಬೇಕು. ವಾಸನೆಯೆಲ್ಲ ಆ ಮೊದಲ ನೀರಿನಲ್ಲಿ ಹೋಗುತ್ತದೆ. ಎರಡನೆಯ ನೀರಿನಲ್ಲಿ ಮೆತ್ತಗೆ ಬೇಯಿಸಿ, ನೆನೆಸಿ ಹಿತುಕಿದ ಅವರೆಕಾಳಿನ ಜೊತೆ ಗೊಜ್ಜು ಮಾಡಿದರೆ ಮುದ್ದೆಗೆ ಅದಕ್ಕಿಂತ ಇನ್ನೊಂದಿಲ್ಲ. ಹುಳಿಯನ್ನು ಕೊನೆಗೇ ಹಾಕಬೇಕು, ಮೊದಲೇ ಹಾಕಿದರೆ ಕಾಳು ಬೇಯುವುದಿಲ್ಲ.

ರಕ್ತ. ಕೆಲವು ಕಡೆ ಲಾಕಿ ಎನ್ನುತ್ತಾರೆ. ಕೊಯ್ಯುವಾಗಲೇ ಚೊಕ್ಕ ಪಾತ್ರೆಯಲ್ಲಿ ಹಿಡಿದು ಉಪ್ಪು ಹಾಕಿ ಹೆಪ್ಪುಗಟ್ಟಲು ಬಿಟ್ಟು, ಗಡ್ಡೆಯನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಪುಡಿ ಮಾಡಿ, ಈರುಳ್ಳಿ ಹಸಿಮೆಣಸಿನಕಾಯಿ ಕಾಯಿತುರಿಯ ಜೊತೆ ಹುರಿಯುವುದು. ಬೇಗ ಕೆಡುವ ವಸ್ತು ಆದ್ದರಿಂದ ಅವತ್ತಿನದು ಅವತ್ತೇ ಆಗಬೇಕು, ನಡುವೆ ಕೆಂಪು ಉಳಿಯಬಾರದು. ಈಲಿಯ ನಿಯಮ ಇದಕ್ಕೆಲ್ಲ ತಿರುಗುಮುರುಗು. ಅದರಲ್ಲಿ ನಾರು ಕಡಿಮೆ. ಹೆಚ್ಚು ಬೇಯಿಸಿದಷ್ಟೂ ಗಟ್ಟಿ. ಎಲ್ಲ ಆದಮೇಲೆ ಕೊನೆಗೆ ಹಾಕಿ ಒಳಗಿನ ಕೆಂಪು ಹೋದ ಕೂಡಲೇ ಇಳಿಸಬೇಕು. ಈ ಎರಡರಲ್ಲೂ ಕಬ್ಬಿಣದ ಅಂಶ ಹೆಚ್ಚು, ಅದು ಮೈಗೆ ಸುಲಭವಾಗಿ ಹತ್ತುವ ಬಗೆಯದು. ಜೊತೆಗೆ ಇರುವ ಸೊಪ್ಪು, ಕಾಳಿನ ಕಬ್ಬಿಣವನ್ನೂ ಮೈಗೆ ಹತ್ತಿಸುತ್ತದೆ. ಬಾಣಂತಿಗೆ, ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಿಗೆ ಈಲಿ ಕೊಡಿ ಎಂದು ಈಗ ಡಾಕ್ಟರು ಹೇಳುತ್ತಾರೆ. ಕೇರಿಯ ಸೂಲಗಿತ್ತಿಯೂ ಹೇಳುತ್ತಿದ್ದುದು ಅದನ್ನೇ.

ಮೂಳೆ ಮತ್ತು ಕೊಬ್ಬು. ಮೂಳೆಯನ್ನು ಒಡೆದು ಹಾಕಿದರೆ ಒಳಗಿನ ಮಜ್ಜೆ ಎಸರಿಗೆ ಇಳಿಯುತ್ತದೆ. ಕೊಬ್ಬನ್ನು ಕಾಯಿಸಿ ಇಟ್ಟುಕೊಂಡರೆ ಎಣ್ಣೆಯ ಖರ್ಚು ಉಳಿಯುತ್ತದೆ. ಕಾಲು ಕಿಲೋ ಬಾಡಿನಲ್ಲಿ ಎಂಟು ಜನ ಉಣ್ಣಬೇಕಾದಾಗ ಬಾಡು ಊಟವಾಗಿ ಉಳಿಯುವುದಿಲ್ಲ, ರುಚಿಯಾಗುತ್ತದೆ. ಹುರುಳಿಕಾಳು, ಅವರೆ, ಬದನೆಕಾಯಿ ಹೊಟ್ಟೆ ತುಂಬಿಸುತ್ತವೆ. ಬಾಡಿನ ಎಸರು ಅವುಗಳನ್ನೆಲ್ಲ ಬಾಡಾಗಿಸುತ್ತದೆ. ಮುದ್ದೆಯನ್ನು ಮುರಿದು ಎಸರಿಗೆ ಅದ್ದಿ ನುಂಗುವ ಊಟ ಇದಕ್ಕೆಂದೇ ಹುಟ್ಟಿದಂತಿದೆ.

ಒಣಗಿಸಿದ್ದು. ಒಮ್ಮೆಗೇ ಹೆಚ್ಚು ಬಾಡು ಬಂದಾಗ ಅದನ್ನು ಎಳೆಎಳೆಯಾಗಿ ಸೀಳಿ, ಉಪ್ಪು ಅರಿಸಿನ ಸವರಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಹಾಕುತ್ತಾರೆ. ಉಪ್ಪುಕಂಡ ಎಂಬ ಹಳೆಯ ಹೆಸರು ಇದಕ್ಕಿದೆ. ಉಪ್ಪು ನೀರನ್ನು ಎಳೆಯುತ್ತದೆ, ಬಿಸಿಲು ಆರಿಸುತ್ತದೆ, ನೀರಿಲ್ಲದ ಕಡೆ ಕೊಳೆಸುವ ಜೀವಾಣು ಬೆಳೆಯುವುದಿಲ್ಲ. ಮಳೆಗಾಲ ಬಂದರೆ ಸರವನ್ನು ಒಲೆಯ ಮೇಲಿನ ಅಟ್ಟಕ್ಕೆ ಕಟ್ಟುತ್ತಾರೆ, ಹೊಗೆ ಕಾಯುತ್ತದೆ. ಕೂಲಿ ಇಲ್ಲದ ದಿನ ಎರಡು ಎಳೆ ಕಿತ್ತು ಕೆಂಡದಲ್ಲಿ ಸುಟ್ಟು ಜಜ್ಜಿ ಸಾರಿಗೆ ಹಾಕಿದರೆ ಸಾಕು, ಬೀದಿಗೆಲ್ಲ ಗೊತ್ತಾಗುತ್ತದೆ. ಫ್ರಿಜ್ ಇಲ್ಲದ ಮನೆಯ ಉಳಿತಾಯದ ಖಾತೆ ಅದು.

5

ಈಗ ಲೆಕ್ಕಕ್ಕೆ ಬರೋಣ. ಬೋಟಿ ಅಗ್ಗ ಎನ್ನುವಾಗ ನಾವು ಅಂಗಡಿಯವನಿಗೆ ಕೊಟ್ಟ ದುಡ್ಡನ್ನು ಮಾತ್ರ ಎಣಿಸುತ್ತೇವೆ. ತಲೆಕಾಲಿನ ತೂಕದಲ್ಲಿ ಮೂಳೆಯ ಪಾಲೇ ದೊಡ್ಡದು. ತಿನ್ನಲು ಸಿಕ್ಕುವ ಬಾಡಿನ ಮೇಲೆ ಲೆಕ್ಕ ಹಾಕಿದರೆ ಅಗ್ಗ ಅರ್ಧಕ್ಕರ್ಧ ಕರಗುತ್ತದೆ. ಎಸರನ್ನೂ ಲೆಕ್ಕಕ್ಕೆ ಹಿಡಿದರೆ ಮಾತ್ರ ಅದು ಮತ್ತೆ ಲಾಭ. ಅದಕ್ಕೇ ಈ ಬಾಡಿನಲ್ಲಿ ಒಣ ಪಲ್ಯಕ್ಕಿಂತ ಎಸರಿನ ಅಡುಗೆಯೇ ಸರಿ.

ಆಮೇಲೆ ಸೌದೆ. ರಾತ್ರಿಯಿಡೀ ಬೇಯುವ ಗಡಿಗೆಗೆ ಸೌದೆ ಬೇಕು. ವೀರನಹೊಸಹಳ್ಳಿಯಂಥ ಕಡೆ ಮನೆಯ ಹಿಂದೆಯೇ ಕಾಡಿದೆ, ಆದರೆ ಅದು ಉದ್ಯಾನ, ಅಲ್ಲಿ ಒಂದು ಹೊರೆ ಸೌದೆಗೂ ಅಂಜಿಕೊಂಡು ಹೋಗಬೇಕು. ಹೊಗೆಸೊಪ್ಪಿನ ಕಾಲದಲ್ಲಿ ಬ್ಯಾರನ್ನುಗಳ ಮುಂದೆ ಲೋಡುಗಟ್ಟಲೆ ಸೌದೆ ಬಿದ್ದಿರುತ್ತದೆ. ಅದಕ್ಕೆ ಉರಿ ಹಾಕುತ್ತ ರಾತ್ರಿ ಕಾಯುವ ಕೂಲಿಯವನ ಮನೆಯ ಒಲೆಗೆ ಪುಳ್ಳೆಯೇ ಗತಿ. ಗ್ಯಾಸಿನಲ್ಲಿ ಮೂರು ಗಂಟೆ ಬೇಯಿಸಿದರೆ ಅಗ್ಗದ ಬಾಡು ಅಗ್ಗವಾಗಿ ಉಳಿಯುವುದಿಲ್ಲ. ಹಾಗಾಗಿ ದುಡ್ಡು ಉಳಿಸಬೇಕೆನ್ನುವವರಿಗೆ ಕುಕ್ಕರು ಬೇಕೇಬೇಕು. ಗಟ್ಟಿ ಬಾಡಿಗೆ ಹಸಿ ಪರಂಗಿಕಾಯಿಯ ಒಂದು ಚೂರು ಅರೆದು ಸವರಿ ಅರ್ಧ ಗಂಟೆ ಇಟ್ಟರೆ ಅದರೊಳಗಿನ ಪಪಾಯಿನ್ ನಾರನ್ನು ಸಡಿಲಿಸಿ ಉರಿ ಉಳಿಸುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಮೇಲ್ಮೈ ಹಿಟ್ಟಾಗುತ್ತದೆ.

ಮೂರನೆಯದು ಯಾರೂ ಎಣಿಸದ್ದು. ಬೋಟಿಯನ್ನು ತಿರುವಿ, ಹೆರೆದು, ಏಳು ನೀರು ತೊಳೆಯುವುದಕ್ಕೆ ಅರ್ಧ ದಿನ ಬೇಕು. ಆ ನೀರನ್ನು ಹೊತ್ತು ತಂದವರು ಯಾರು? ಸುಡುನೀರಿಗೆ ಕೈ ಇಟ್ಟವರು ಯಾರು? ಗಂಡಸರು ಕೊಯ್ಯುತ್ತಾರೆ, ಗುಡ್ಡೆ ಹಾಕುತ್ತಾರೆ, ಆಮೇಲೆ ಜಗುಲಿಯ ಮೇಲೆ ಕೂತು ಕಾಯುತ್ತಾರೆ. ಬೋಟಿ ಹೆಂಗಸರ ಕಡೆಗೆ ಹೋಗುತ್ತದೆ. ಭಾನುವಾರ ಎಲ್ಲರಿಗೂ ರಜೆ, ಬೋಟಿ ತಂದ ಭಾನುವಾರ ನಮ್ಮವ್ವನಿಗೆ ಎರಡು ದಿನದ ಕೆಲಸ. ಉಣ್ಣುವಾಗ ಅವಳ ತಟ್ಟೆಗೆ ಎಸರು ಬೀಳುತ್ತಿತ್ತು, ತುಂಡು ಬೀಳುತ್ತಿರಲಿಲ್ಲ. 'ನಂಗೆ ತುಂಡು ಸೇರಾಕಿಲ್ಲ' ಎನ್ನುತ್ತಿದ್ದಳು. ಅದು ಸುಳ್ಳೆಂದು ನನಗೆ ತಿಳಿದದ್ದು ನಾನು ಸಂಬಳ ತಂದು ಕಿಲೋ ಬಾಡು ತಂದ ದಿನ. ಅವಳು ಒಂದೊಂದೇ ತುಂಡನ್ನು ಮೂಳೆ ಚೊಕ್ಕವಾಗುವ ತನಕ ತಿಂದಳು. ಮಾತಾಡಲಿಲ್ಲ. ನಾನೂ ಏನೂ ಕೇಳಲಿಲ್ಲ.

ಅಗ್ಗದ ಬಾಡು ಅಗ್ಗವಾಗಿರುವುದು ಹೆಂಗಸಿನ ದುಡಿಮೆಗೆ ಬೆಲೆ ಕಟ್ಟದೆ ಇರುವುದರಿಂದ. ಅಂಗಡಿಯವನು ಕಡಿಮೆ ಮಾಡಿದ ಬೆಲೆಯನ್ನು ಅವಳು ತನ್ನ ಹೊತ್ತಿನಲ್ಲಿ, ತನ್ನ ತುಂಡಿನಲ್ಲಿ ತುಂಬಿಕೊಡುತ್ತಾಳೆ. ಜಾತಿ ಊರನ್ನೂ ಕೇರಿಯನ್ನೂ ಬೇರೆ ಮಾಡಿದ ಹಾಗೆಯೇ ಕೇರಿಯ ಒಳಗೆ ತಟ್ಟೆಯೂ ತಟ್ಟೆಯೂ ಬೇರೆಯಾಗಿವೆ. ಇದನ್ನು ಹೇಳದ ದಲಿತ ವಿಮರ್ಶೆ ಅರ್ಧ ಬೆಂದ ಬೋಟಿ.

6

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕೇರಿಯ ಅಡುಗೆಯನ್ನು ಕೊಂಡಾಡುವ ಉತ್ಸಾಹದಲ್ಲಿ ಅದರ ಹಿಂದಿನ ಬಲವಂತವನ್ನೂ ಕೊಂಡಾಡಿಬಿಡುವ ಅಪಾಯವಿದೆ. 1927ರ ಮಾರ್ಚಿನಲ್ಲಿ ಮಹಾಡದ ಸಮ್ಮೇಳನದಲ್ಲಿ ಬಾಬಾಸಾಹೇಬ ಅಂಬೇಡ್ಕರರು ಸತ್ತ ದನದ ಮಾಂಸವನ್ನು ಬಿಡಿ ಎಂದು ನಮ್ಮವರಿಗೆ ಹೇಳಿದರು. 1948ರ 'ಅಸ್ಪೃಶ್ಯರು' ಗ್ರಂಥದಲ್ಲಿ ಗೋಮಾಂಸ ತಿನ್ನುವುದಕ್ಕೂ ಅಸ್ಪೃಶ್ಯತೆ ಹುಟ್ಟಿದ್ದಕ್ಕೂ ಇರುವ ನಂಟನ್ನು ಚರ್ಚಿಸಿದರು. ಅವರು ಬಿಡಿ ಎಂದದ್ದು ಊರವರು ಬಿಸಾಕಿದ್ದನ್ನು ಎತ್ತಿ ತರುವ ಚಾಕರಿಯನ್ನು, ಅದರ ಜೊತೆಗೆ ಬರುವ ಹೀನಾಯವನ್ನು. ಕೊಂಡು ತಂದ ಬೋಟಿಗೂ ಎತ್ತಿ ತಂದ ಸತ್ತ ಬಾಡಿಗೂ ಇರುವ ಅಂತರ ಅಡುಗೆಯ ಅಂತರವಲ್ಲ, ಸ್ವಾತಂತ್ರ್ಯದ ಅಂತರ.

ಇದನ್ನು ಹಲವರು ತಪ್ಪಾಗಿ ಗ್ರಹಿಸಿದ್ದಾರೆ. ಬಾಡನ್ನೇ ಬಿಟ್ಟರೆ ಮೇಲೇರಬಹುದು ಎಂದು ನಂಬಿದವರಿದ್ದಾರೆ. ಓದಿ ನೌಕರಿ ಹಿಡಿದ ನಮ್ಮವರಲ್ಲಿ ಬಾಡಿಗೆ ಮನೆ ಹುಡುಕುವಾಗ ಉಪ್ಪುಕಂಡದ ಡಬ್ಬಿಯನ್ನು ಬಚ್ಚಿಡುವವರಿದ್ದಾರೆ. ನಾನೂ ಬಚ್ಚಿಟ್ಟಿದ್ದೇನೆ. ಮೈಸೂರಿನಲ್ಲಿದ್ದಾಗ ಕಿಟಕಿ ಮುಚ್ಚಿ ಬೋಟಿ ಬೇಯಿಸಿದ ದಿನಗಳಿವೆ. ಕುಕ್ಕರು ಕೂಗಿದಾಗಲೆಲ್ಲ ಎದೆ ಹಾರುತ್ತಿತ್ತು. ಅವ್ವ ಊರಿಂದ ತಂದುಕೊಟ್ಟಿದ್ದ ಒಣಬಾಡನ್ನು ಒಮ್ಮೆ ರಾತ್ರಿ ಹೊತ್ತು ಕಸದ ತೊಟ್ಟಿಗೆ ಹಾಕಿ ಬಂದೆ. ಆ ತಪ್ಪು ನನ್ನದೇ, ಮನೆ ಮಾಲೀಕರದ್ದೆಂದು ಹೇಳಿ ಕೈತೊಳೆಯಲಾರೆ. ಬಲವಂತದ ಬಾಡೂ ಅವಮಾನವೇ, ಬಲವಂತದ ಸೊಪ್ಪೂ ಅವಮಾನವೇ.

7

ಕಾಲ ಬದಲಾಗಿದೆ. ಕುರಿ ಬಾಡು ಕಿಲೋಗೆ 700 ರೂಪಾಯಿ ದಾಟಿ ನಡೆಯುತ್ತಿದೆ. ಮಿಲಿಟರಿ ಹೋಟೆಲುಗಳಲ್ಲಿ ತಲೆಮಾಂಸ, ಬೋಟಿ ಗೊಜ್ಜು, ಕಾಲು ಸೂಪಿಗೆ ಕಾರಿನಲ್ಲಿ ಬಂದವರು ಸಾಲು ನಿಲ್ಲುತ್ತಾರೆ. ಬೇಡಿಕೆ ಏರಿದ ಹಾಗೆ ಬೋಟಿಯ ಬೆಲೆಯೂ ಏರಿತು. ಬಡವರ ಬುಟ್ಟಿಯ ಮುಂದೆ ಈಗ ಇನ್ನೊಬ್ಬರು ಬಂದು ನಿಂತಿದ್ದಾರೆ. ತುಂಡು ಮೇಲೇರಿತು, ಅದನ್ನು ಬೇಯಿಸಲು ಕಲಿತ ಕೈ ಅಲ್ಲೇ ಉಳಿಯಿತು.

ಇದರ ಜೊತೆಗೆ ಕಾನೂನು. 1964ರ ಕಾಯ್ದೆಯಲ್ಲಿ ಹನ್ನೆರಡು ವರ್ಷ ದಾಟಿದ, ಇಲ್ಲವೇ ಕೆಲಸಕ್ಕೆ ಬಾರದ ಎತ್ತು, ಎಮ್ಮೆ, ಕೋಣಗಳನ್ನು ಪ್ರಮಾಣಪತ್ರ ಪಡೆದು ಕಡಿಯಲು ಅವಕಾಶವಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆ ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದ ಜಾನುವಾರುಗಳ ವಧೆಯನ್ನೆಲ್ಲ ನಿಷೇಧಿಸಿತು. ಮೂರರಿಂದ ಏಳು ವರ್ಷದ ಜೈಲು, 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡ. ಇದನ್ನು ಧರ್ಮದ ಪ್ರಶ್ನೆಯಾಗಿ ಚರ್ಚಿಸಿದವರು ಬಹಳ ಮಂದಿ. ಕುರಿ ಬಾಡು ಕೈಗೆಟುಕದ ಮನೆಯ ವಾರದ ಊಟದ ಲೆಕ್ಕವಾಗಿ ನೋಡಿದವರು ಕಡಿಮೆ.

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಸಾಹಿತ್ಯ ಸಮ್ಮೇಳನ ನಡೆಯಿತು. ಅಲ್ಲಿನ ಮಳಿಗೆಗಳ ಸೂಚನೆಯಲ್ಲಿ ಮಾಂಸಾಹಾರ, ಮದ್ಯ, ತಂಬಾಕು ಮೂರನ್ನೂ ಒಂದೇ ಸಾಲಿನಲ್ಲಿ ನಿಷೇಧಿಸಲಾಗಿತ್ತು. ಸಮ್ಮೇಳನದಲ್ಲಿ ಬಾಡೂಟ ಬೇಕು ಎಂಬ ಚಳವಳಿ ಎದ್ದಿತು. ಒಳ್ಳೆಯದೇ ಆಯಿತು. ಬಾಡು ಉಣ್ಣುವವರ ನಾಡಿನಲ್ಲಿ ಬಾಡನ್ನು ಚಟಗಳ ಸಾಲಿಗೆ ಸೇರಿಸಿದ್ದನ್ನು ಕೇಳಲೇಬೇಕಿತ್ತು. ನನ್ನದೊಂದು ಸಣ್ಣ ಸೇರಿಕೆ ಇದೆ: ಬಾಡೂಟ ಬಡಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಊಟದ ತಿಳಿವಳಿಕೆಯ ಬಗ್ಗೆ ಗೋಷ್ಠಿ ಯಾವಾಗ?

8

ಮರಾಠಿಯಲ್ಲಿ ಶಾಹೂ ಪಾಟೋಳೆಯವರು 2015ರಲ್ಲಿ 'ಅನ್ನ ಹೇ ಅಪೂರ್ಣಬ್ರಹ್ಮ' ಬರೆದು ಮರಾಠವಾಡದ ಮಹಾರ್ ಮತ್ತು ಮಾಂಗ್ ಸಮುದಾಯಗಳ ಅಡುಗೆಯನ್ನು ಬಗೆಬಗೆಯಾಗಿ ದಾಖಲಿಸಿದರು. ಅನ್ನ ಪೂರ್ಣಬ್ರಹ್ಮ ಎಂಬ ಮಾತಿಗೆ ಅವರು ಒಂದಕ್ಷರ ಸೇರಿಸಿದ್ದೇ ದೊಡ್ಡ ವಿಮರ್ಶೆ. ಅಂಥ ಕೆಲಸ ಕನ್ನಡದಲ್ಲಿ ಜಿಲ್ಲೆಜಿಲ್ಲೆಗೂ ಆಗಬೇಕು. ಹುಣಸೂರಿನ ಬೋಟಿ ಬೇರೆ, ರಾಯಚೂರಿನದು ಬೇರೆ. ಎಡಗೈಯವರ ಒಲೆ, ಬಲಗೈಯವರ ಒಲೆ, ಹಾಡಿಯವರ ಒಲೆ ಒಂದೊಂದಕ್ಕೂ ಒಂದೊಂದು ಹದವಿದೆ.

ಆ ದಾಖಲೆ ಪಾಕಪುಸ್ತಕವಾಗಿ ಮಾತ್ರ ಉಳಿಯಬಾರದು. ನಮ್ಮ ಕತೆ, ಆತ್ಮಕತೆಗಳಲ್ಲಿ ಬಾಡು ಬರುತ್ತದೆ. ನಾವು ಅದನ್ನು ಓದುವಾಗ ಹಸಿವು ಎನ್ನುತ್ತೇವೆ, ಅವಮಾನ ಎನ್ನುತ್ತೇವೆ, ಪ್ರತಿಭಟನೆ ಎನ್ನುತ್ತೇವೆ. ಮೂರೂ ನಿಜ. ಆದರೆ ಅಲ್ಲಿ ಒಬ್ಬಳು ಹೆಂಗಸು ನೀರಿನ ಹದ ನೋಡುತ್ತಿದ್ದಾಳೆ ಎಂಬುದನ್ನು ನಾವು ಓದುವುದೇ ಇಲ್ಲ. ಅವಳ ಕೈಯಲ್ಲಿರುವುದು ತಿಳಿವಳಿಕೆ. ಅದನ್ನು ತಿಳಿವಳಿಕೆ ಎಂದು ಓದಿದಾಗ ಕೃತಿಯ ಅರ್ಥ ಬದಲಾಗುತ್ತದೆ. ಹಸಿದವರ ಚಿತ್ರ ಹೋಗಿ, ಬಿಸಾಕಿದ್ದನ್ನು ಊಟವಾಗಿಸಿದವರ ಚರಿತ್ರೆ ಕಾಣುತ್ತದೆ. ಆಗ, ಅಷ್ಟು ತಿಳಿದವರಿಗೆ ಬಿಸಾಕಿದ್ದೇ ಯಾಕೆ ದಕ್ಕಿತು ಎಂಬ ಪ್ರಶ್ನೆ ಇನ್ನಷ್ಟು ಚೂಪಾಗುತ್ತದೆ.

ಹೋದ ವರ್ಷತೊಡಕಿಗೆ ಊರಿಗೆ ಹೋಗಿದ್ದೆ. ಕೇರಿಯ ಹುಡುಗರು ಟಾರ್ಪಾಲಿನ ಮೇಲೆ ಗುಡ್ಡೆ ಹಾಕುತ್ತಿದ್ದರು. ಗಂಡ ಸತ್ತು ಒಬ್ಬಳೇ ಇರುವ ಅಜ್ಜಿಯೊಬ್ಬಳು ಚೀಟಿಗೆ ಪೂರ್ತಿ ದುಡ್ಡು ಕಟ್ಟಿರಲಿಲ್ಲ. ದೂರದಲ್ಲಿ ನಿಂತಿದ್ದಳು. ಒಬ್ಬ ಹುಡುಗ ಎಣಿಸಿದ. ಆಮೇಲೆ ಇನ್ನೊಂದು ಎಲೆ ಹಾಕಿ, ಎಲ್ಲ ಗುಡ್ಡೆಯಿಂದಲೂ ಒಂದೊಂದು ಹಿಡಿ ತೆಗೆದು ಅದಕ್ಕೆ ಹಾಕಿದ. ಈಲಿಯನ್ನೂ ಹಾಕಿದ. ಯಾರೂ ತಕರಾರು ತೆಗೆಯಲಿಲ್ಲ. ಅಜ್ಜಿ ಸೆರಗಿಗೆ ಕಟ್ಟಿಕೊಂಡು ಹೋಗುತ್ತ, 'ಬೋಟಿ ತೊಳ್ಯಾಕೆ ಬಿಸ್ನೀರಿಟ್ಟಿದೀನಿ, ಮಳ್ಳೋಯ್ತದೆ' ಎಂದು ಕಾಲು ಬೀಸಿ ಹಾಕಿದಳು.